ಫಾರಿನ್‌ನಲ್ಲಿ ಬೈಕ್ ಓಡಿಸಬೇಕಾ? ಜಗಳೂರಿನ ಎರೆ ಹೊಲದಿಂದ ಶುರು ಮಾಡಿ

ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನೋಕೆ ಗಾಡಿ ನಿಲ್ಲಿಸಿದರೆ ಯಾರಾದರೂ ಒಬ್ಬರು ಹತ್ತಿರ ಬಂದೇ ಬರುತ್ತಾರೆ. ಗಾಡಿ ಸುತ್ತ ಒಂದು ಸಲ ಓಡಾಡಿ, ಟ್ಯಾಂಕ್ ಮೇಲೆ ಕೈ ಆಡಿಸಿ, ಆಮೇಲೆ ಕೇಳುತ್ತಾರೆ: "ಅಣ್ಣ, ಫಾರಿನ್‌ನಲ್ಲಿ ಓಡಿಸಬೇಕು ಅಂದ್ರೆ ಎಷ್ಟು ಸಿಸಿ ಗಾಡಿ ತಗೋಬೇಕು?" ಮೊನ್ನೆ ಕೇಳಿದ ಹುಡುಗ ಹರಿಹರದವನು. ಸಾಲ ಮಾಡಿ ದೊಡ್ಡ ಗಾಡಿ ತಗೊಳ್ಳೋ ಯೋಚನೆಯಲ್ಲಿದ್ದ. ಅವನಿಗೆ ಅರ್ಧ ಗಂಟೆ ನಿಂತು ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸಾಲ ಬೇಡ. ಇಲ್ಲಿ ಹಗುರ ಗಾಡಿಯಲ್ಲಿ ಕಲಿಯಿರಿ, ಹೊರದೇಶದಲ್ಲಿ ಗಾಡಿ ಬಾಡಿಗೆಗೆ ತಗೊಳ್ಳಿ. ಸಾಮಾನು ಕಡಿಮೆ ಇರಲಿ, ದಿನಕ್ಕೆ ಓಡಿಸೋ ಕಿಲೋಮೀಟರ್ ಇನ್ನೂ ಕಡಿಮೆ ಇರಲಿ.

ಅಡ್ವೆಂಚರ್ ಗಾಡಿ ಅಂದ್ರೆ ಏನು

ಟಾರ್ ರಸ್ತೆಯಲ್ಲಿ ದಿನವಿಡೀ ಆರಾಮಾಗಿ ಓಡಬೇಕು, ಟಾರ್ ಮುಗಿದ ಮೇಲೂ ನಿಲ್ಲಬಾರದು. ಇಷ್ಟೇ. ಬಿಎಂಡಬ್ಲ್ಯೂ 1980ರಲ್ಲಿ ಆರ್80 ಜಿ/ಎಸ್ ಅಂತ ಒಂದು ಗಾಡಿ ತಂದಿತು. ಆ ಜಿ ಮತ್ತು ಎಸ್ ಅಂದ್ರೆ ಜರ್ಮನ್ ಭಾಷೆಯಲ್ಲಿ ಕಾಡುಮೇಡು ಮತ್ತು ರಸ್ತೆ. ಮಾರನೇ ವರ್ಷವೇ ಮರುಭೂಮಿ ದಾಟೋ ಪ್ಯಾರಿಸ್-ಡಕಾರ್ ರೇಸ್ ಗೆದ್ದಿತು. ಇವತ್ತು ನಾವು ನೋಡೋ ಹಿಮಾಲಯನ್, ಕೆಟಿಎಂ 390 ಅಡ್ವೆಂಚರ್, ಎಕ್ಸ್‌ಪಲ್ಸ್ ಎಲ್ಲದರಲ್ಲೂ ಇರೋದು ಅದೇ ಯೋಚನೆ: ದೊಡ್ಡ ಮುಂದಿನ ಚಕ್ರ, ಉದ್ದ ಸಸ್ಪೆನ್ಷನ್, ಅಗಲ ಹ್ಯಾಂಡಲ್, ನಿಂತುಕೊಂಡು ಓಡಿಸೋಕೆ ಅನುಕೂಲ.

ಕೆಲವು ಗಾಡಿಗಳಲ್ಲಿ ಮುಂದಿನ ಮಡ್‌ಗಾರ್ಡ್ ಯಾಕೆ ಅಷ್ಟು ಮೇಲೆ ಇರುತ್ತದೆ ಅಂತ ಎಷ್ಟೋ ಜನ ಕೇಳುತ್ತಾರೆ. ಮಳೆ ಬಂದ ಮಾರನೇ ದಿನ ಜಗಳೂರು ಕಡೆ ಎರೆ ಹೊಲದ ದಾರಿಯಲ್ಲಿ ಸಾದಾ ಬೈಕ್ ತಗೊಂಡು ಹೋಗಿ, ಉತ್ತರ ಸಿಗುತ್ತದೆ. ನೂರು ಮೀಟರ್ ಹೋಗೋದ್ರೊಳಗೆ ಮಣ್ಣು ರೊಟ್ಟಿ ಹಿಟ್ಟಿನ ಹಾಗೆ ಟೈರಿಗೆ ಸುತ್ತಿಕೊಳ್ಳುತ್ತದೆ. ಮಡ್‌ಗಾರ್ಡ್ ಒಳಗೆ ತುಂಬಿ, ಒತ್ತಿ, ಗಟ್ಟಿಯಾಗಿ, ಕೊನೆಗೆ ಚಕ್ರ ತಿರುಗೋದೇ ನಿಲ್ಲುತ್ತದೆ. ಇಳಿದು ಜಾಲಿ ಕಡ್ಡಿಯಿಂದ ಕೆರೆದು ತೆಗೆಯಬೇಕು, ಹತ್ತು ಮೀಟರ್ ಹೋಗಬೇಕು, ಮತ್ತೆ ಕೆರೆಯಬೇಕು. ಮಡ್‌ಗಾರ್ಡ್ ಮೇಲಿದ್ದರೆ ಆ ಮಣ್ಣು ಬೀಳೋಕೆ ಜಾಗ ಇರುತ್ತದೆ.

ಈಗ ತೂಕಕ್ಕೆ ಬರೋಣ. ಹಿಮಾಲಯನ್ 450 ಗಾಡಿ 196 ಕೆಜಿ. ಬಿಎಂಡಬ್ಲ್ಯೂ ಆರ್ 1300 ಜಿಎಸ್ 237 ಕೆಜಿ. ಎಕ್ಸ್‌ಪಲ್ಸ್ 200 ಇರೋದು 160 ಕೆಜಿ ಆಸುಪಾಸು. ಕಾಗದದ ಮೇಲೆ ನಲವತ್ತು ಕೆಜಿ ಏನು ಮಹಾ ಅನ್ನಿಸಬಹುದು. ಗಾಡಿ ಕೆಳಗೆ ಬಿದ್ದು, ಪೆಟ್ರೋಲ್ ಸೋರುತ್ತಾ, ನೀವು ಒಬ್ಬರೇ ಇದ್ದಾಗ ಪ್ರತಿ ಕೆಜಿಯ ಲೆಕ್ಕ ಗೊತ್ತಾಗುತ್ತದೆ.

ನನಗೆ ಗೊತ್ತಾಗಿದ್ದು ನೇಪಾಳದ ಮುಸ್ತಾಂಗ್‌ನಲ್ಲಿ. ಬಾಡಿಗೆ ಗಾಡಿ ಭಾರ ಇರಲಿಲ್ಲ, ಭಾರ ಮಾಡಿದ್ದು ನಾನು. ಎರಡು ಪಕ್ಕ ಪೆಟ್ಟಿಗೆ, ಟ್ಯಾಂಕ್ ಮೇಲೆ ಬ್ಯಾಗ್, ಊರಿಂದ ಹೊತ್ತು ತಂದ ಸ್ಪ್ಯಾನರ್ ಸೆಟ್, ಜೊತೆಗೆ ಒಂದು ಸ್ಟೌ. ಮೊಣಕಾಲುದ್ದ ನೀರಿನ ಹಳ್ಳ ದಾಟುವಾಗ ಮುಂದಿನ ಚಕ್ರ ಗುಂಡುಕಲ್ಲಿಗೆ ತಾಗಿ ಜಾರಿತು, ಗಾಡಿ ನಿಧಾನಕ್ಕೆ ಎಡಕ್ಕೆ ಮಲಗಿತು. ಏಟಾಗಲಿಲ್ಲ. ಆದರೆ ಎತ್ತೋಕೆ ಆಗಲಿಲ್ಲ. ಪೆಟ್ಟಿಗೆ ಒಳಗೆ ನೀರು ತುಂಬಿ ಇನ್ನೂ ಭಾರ. ನಲವತ್ತು ನಿಮಿಷ ಹಿಮದ ನೀರಲ್ಲಿ ನಿಂತಿದ್ದೆ. ಒಂದು ಜೀಪ್ ಬಂತು, ಅದರಲ್ಲಿದ್ದ ಇಬ್ಬರು ಇಳಿದು ಕೈ ಹಾಕಿದರು. ಆ ಸ್ಟೌ ಮೇಲೆ ಇಡೀ ಪ್ರವಾಸದಲ್ಲಿ ಒಂದು ಲೋಟ ಚಹಾ ಕೂಡ ಮಾಡಿರಲಿಲ್ಲ.

ಬಿದ್ದ ಗಾಡಿ ಎತ್ತೋದು ಮೊದಲು ಕಲಿಯಿರಿ

ಮೊದಲು ಎಂಜಿನ್ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ತೆರೆದಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಆ ಕಡೆಗೆ ಹೋಗಿ ಬೀಳುತ್ತದೆ. ಗೇರ್ ಒಂದರಲ್ಲಿರಲಿ, ಚಕ್ರ ಉರುಳಬಾರದು. ಹ್ಯಾಂಡಲ್ ಪೂರ್ತಿ ನೆಲದ ಕಡೆಗೆ ತಿರುಗಿಸಿ. ಈಗ ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, ಸೊಂಟದ ಕೆಳಭಾಗವನ್ನು ಸೀಟಿಗೆ ಒತ್ತಿ. ಒಂದು ಕೈಯಲ್ಲಿ ಕೆಳಗಿರೋ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿಯಿರಿ. ಬೆನ್ನು ನೆಟ್ಟಗಿರಲಿ. ತೋಳಿಂದ ಎಳೆಯಬೇಡಿ, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋಗಿ. ಜೋಳದ ಚೀಲ ಬೆನ್ನಿಗೆ ಹಾಕಿ ಏಳೋರು ಏಳೋದೂ ಹೀಗೇ ಅಲ್ವಾ.

ಮನೆ ಮುಂದೆ ಹಳೇ ಗೋಣಿಚೀಲ ಹಾಸಿ, ಗಾಡಿ ಮೆಲ್ಲಗೆ ಮಲಗಿಸಿ, ಐದು ಸಲ ಎತ್ತಿ ನೋಡಿ. ಎತ್ತೋಕೆ ಆಗದ ಗಾಡಿ ತಗೊಂಡು ಒಬ್ಬರೇ ದೂರ ಹೋಗಬೇಡಿ.

ಎಲ್ಲಿ ಅಭ್ಯಾಸ ಮಾಡೋದು

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಎನ್‌ಎಚ್ 48ರಲ್ಲಿ ನೂರರ ಸ್ಪೀಡಲ್ಲಿ ಹೋಗಿ ಬಂದರೆ ಕೂತು ಕೂತು ಸೊಂಟ ನೋಯುತ್ತದೆ, ಅಷ್ಟು ಬಿಟ್ಟರೆ ಏನೂ ಕಲಿಯೋದಿಲ್ಲ. ಹೊರದೇಶದ ಬೆಟ್ಟದ ದಾರಿಗಳಲ್ಲಿ ಕಷ್ಟ ಬರೋದು ನಿಧಾನಕ್ಕೆ ಓಡಿಸುವಾಗ: ಕಡಿದಾದ ತಿರುವು, ಜಲ್ಲಿ, ಮರಳು, ಕೆಸರು.

ಕೊಯ್ಲಾದ ಮೆಕ್ಕೆಜೋಳದ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಹೊಲದವರನ್ನು ಕೇಳಿಯೇ ಇಳಿಸಿ. ಎರಡು ಚಪ್ಪಲಿ ಎಂಟು ಹೆಜ್ಜೆ ದೂರದಲ್ಲಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗಿಸಿ. ಫಸ್ಟ್ ಗೇರ್, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಮೆಲ್ಲಗೆ ಕಾಲು. ಮುಂದಿನ ಬ್ರೇಕ್ ಮುಟ್ಟಬೇಡಿ. ನೋಟ ಚಪ್ಪಲಿ ಮೇಲಲ್ಲ, ಮುಂದೆ ಹೋಗಬೇಕಾದ ಕಡೆ ಇರಲಿ. ಆಮೇಲೆ ಅದನ್ನೇ ಫುಟ್‌ರೆಸ್ಟ್ ಮೇಲೆ ನಿಂತು ಮಾಡಿ. ಮಂಡಿ ಸ್ವಲ್ಪ ಬಾಗಿರಲಿ, ಹ್ಯಾಂಡಲ್ ಮೇಲೆ ಭಾರ ಹಾಕಬೇಡಿ, ಮುಂದಿನ ಚಕ್ರ ಒಂಚೂರು ಅಲ್ಲಾಡಿದರೆ ಅಲ್ಲಾಡಲಿ ಬಿಡಿ, ಅದರ ಪಾಡಿಗೆ ಅದು ದಾರಿ ಹುಡುಕಿಕೊಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೆ ಬೆವರು ಇಳಿಯುತ್ತದೆ. ವಾರಕ್ಕೆ ಒಂದು ಸಲ ಎರಡು ತಿಂಗಳು ಮಾಡಿದರೆ ನಿಮ್ಮ ಕೈ ಬೇರೆಯೇ ಆಗಿರುತ್ತದೆ.

ಚಿತ್ರದುರ್ಗದವರಿಗೆ ಗಾಳಿಯಂತ್ರಗಳ ಗುಡ್ಡದ ಮಣ್ಣು ದಾರಿಗಳು ಹತ್ತಿರ. ಅಲ್ಲೂ ಕೇಳಿಕೊಂಡು ಹೋಗಿ, ಕೆಲವು ಕಡೆ ಬಿಡೋದಿಲ್ಲ. ಜೋಗಿಮಟ್ಟಿ ಅರಣ್ಯ ಇಲಾಖೆಯ ಜಾಗ, ದಾರಿ ಬಿಟ್ಟು ಕಾಡಿಗೆ ಗಾಡಿ ಇಳಿಸಲೇಬೇಡಿ. ಹೇರ್‌ಪಿನ್ ತಿರುವು ಕಲಿಯೋಕೆ ಒಂದು ದಿನ ಶಿವಮೊಗ್ಗ ದಾಟಿ ಆಗುಂಬೆಗೆ ಹೋಗಿ. ಹದಿನಾಲ್ಕು ತಿರುವು. ಇಳಿದು, ಮತ್ತೆ ಹತ್ತಿ, ಮತ್ತೆ ಇಳಿಯಿರಿ. ತಿರುವಿಗೆ ಮುಂಚೆಯೇ ಸ್ಪೀಡ್ ಇಳಿಸಿ, ಗೇರ್ ಇಳಿಸಿ, ಕುತ್ತಿಗೆ ಪೂರ್ತಿ ತಿರುಗಿಸಿ ತಿರುವಿನ ಕೊನೆ ನೋಡಿ. ಕಣ್ಣು ಚರಂಡಿ ಕಡೆ ಹೋದರೆ ಗಾಡಿಯೂ ಚರಂಡಿಗೇ ಹೋಗುತ್ತದೆ.

ಪಂಕ್ಚರ್ ವಿಷಯ ಸಣ್ಣದು, ಆದರೆ ಬಿಡಬೇಡಿ. ನಿಮ್ಮ ಏರಿಯಾದ ಪಂಕ್ಚರ್ ಅಂಗಡಿಯವರ ಹತ್ತಿರ ಒಂದು ಮಧ್ಯಾಹ್ನ ಕೂತು, ಟ್ಯೂಬ್ ತೆಗೆದು ಹಾಕೋದು ನಿಮ್ಮ ಕೈಯಲ್ಲೇ ಮಾಡಿ ನೋಡಿ. ಅವರು ಖುಷಿಯಿಂದ ಹೇಳಿಕೊಡುತ್ತಾರೆ.

ಕಾಗದ ಪತ್ರ

ಮೊದಲು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಕೊಡುತ್ತಾರೆ, ಕೆಎ 17 ಆಗಲಿ ಕೆಎ 16 ಆಗಲಿ. ಫಾರಂ 4ಎ, ಲೈಸೆನ್ಸ್, ಪಾಸ್‌ಪೋರ್ಟ್, ಫೋಟೋ. ಒಂದು ವರ್ಷ ನಡೆಯುತ್ತದೆ. ಕೈಗೆ ಬಂದ ತಕ್ಷಣ ಅದರಲ್ಲಿ ಮೋಟಾರ್ ಸೈಕಲ್ ವಿಭಾಗಕ್ಕೆ ಮುದ್ರೆ ಬಿದ್ದಿದೆಯಾ ಅಂತ ಕೌಂಟರ್ ಮುಂದೆಯೇ ನಿಂತು ನೋಡಿ. ನನ್ನ ಸ್ನೇಹಿತರೊಬ್ಬರಿಗೆ ಕಾರಿನ ವಿಭಾಗಕ್ಕೆ ಮಾತ್ರ ಬಿದ್ದಿತ್ತು, ಮನೆಗೆ ಬಂದ ಮೇಲೆ ಗೊತ್ತಾಗಿ ಮತ್ತೆ ಓಡಾಡಿದರು.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶ ಕೊಡೋ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ಅಂದ್ರೆ ಅಲ್ಲಿನ ಹಾ ಜಾಂಗ್ ಬೆಟ್ಟದ ಸುತ್ತು ಎಷ್ಟೇ ಚೆನ್ನಾಗಿದ್ದರೂ ನಮ್ಮ ಪರ್ಮಿಟ್ ಹಿಡಿದು ಅಲ್ಲಿ ಗಾಡಿ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಅಂಗಡಿಯವರು ಗಾಡಿ ಕೊಟ್ಟೇಬಿಡುತ್ತಾರೆ, ಅದನ್ನು ನಂಬಬೇಡಿ. ಅಲ್ಲಿ ಊರಿನವರೇ ಓಡಿಸಿ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗೋ ವ್ಯವಸ್ಥೆ ಇದೆ, ಅದನ್ನು ತಗೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದ್ರೆ ಇನ್ಶೂರೆನ್ಸ್. ಟ್ರಾವೆಲ್ ಇನ್ಶೂರೆನ್ಸ್ ತಗೊಂಡರೆ ಮುಗೀತು ಅಂದುಕೊಳ್ಳುತ್ತಾರೆ. ಆ ದೇಶದಲ್ಲಿ ನಡೆಯೋ ಲೈಸೆನ್ಸ್ ಇಲ್ಲದಿದ್ದರೆ ಆಸ್ಪತ್ರೆ ಖರ್ಚು ಕೊಡೋದಿಲ್ಲ ಅಂತ ಪಾಲಿಸಿಯ ಒಳಗೆ ಬರೆದಿರುತ್ತದೆ. ಕೆಲವು ಪಾಲಿಸಿಗಳಲ್ಲಿ ಬೈಕ್ ಓಡಿಸೋದನ್ನೇ ಬಿಟ್ಟಿರುತ್ತಾರೆ, ಕೆಲವದರಲ್ಲಿ ಇಂತಿಷ್ಟು ಸಿಸಿ ಒಳಗೆ ಮಾತ್ರ. ಇಡೀ ಪಾಲಿಸಿ ಓದಿ, ಅರ್ಥ ಆಗದಿದ್ದರೆ ಮೇಲ್ ಮಾಡಿ, ಬರಹದಲ್ಲಿ ಉತ್ತರ ತಗೊಳ್ಳಿ. ಗಾಡಿ ಬಾಡಿಗೆಗಿಂತ, ಹೋಟೆಲ್ ಬುಕಿಂಗ್‌ಗಿಂತ ಮೊದಲು ಈ ಕೆಲಸ ಆಗಬೇಕು.

ಸ್ವಂತ ಗಾಡಿಯನ್ನೇ ಸಾಗಿಸಬೇಕು ಅನ್ನೋರಿಗೆ ಕಾರ್ನೆ ಅನ್ನೋ ಪತ್ರ ಬೇಕಾಗುತ್ತದೆ. ಗಾಡಿಯನ್ನು ಆ ದೇಶದಲ್ಲಿ ಮಾರದೆ ವಾಪಸ್ ತರುತ್ತೇವೆ ಅನ್ನೋದಕ್ಕೆ ಜಾಮೀನು. ದೊಡ್ಡ ಮೊತ್ತದ ಬ್ಯಾಂಕ್ ಗ್ಯಾರಂಟಿ ಇಡಬೇಕು, ಮೇಲೆ ಹಡಗಿನ ಖರ್ಚು. ತಿಂಗಳುಗಟ್ಟಲೆ ಹಲವು ದೇಶ ಸುತ್ತೋರಿಗೆ ಅದು ಸರಿ. ಹತ್ತು ದಿನ ರಜೆ ಹಾಕಿ ಹೋಗೋ ನಮಗೆ ಬಾಡಿಗೆಯೇ ಸರಿ.

ಮೊದಲು ಯಾವ ದಾರಿ

ನನ್ನ ಪ್ರಕಾರ ಮೊದಲನೆಯದು ಉತ್ತರ ಥಾಯ್ಲೆಂಡಿನ ಮೇ ಹಾಂಗ್ ಸಾನ್ ಸುತ್ತು. ಅಲ್ಲೂ ನಮ್ಮ ಹಾಗೆ ಎಡಗಡೆ ಓಡಿಸೋದು, ನಮ್ಮ ಪರ್ಮಿಟ್ ನಡೆಯುತ್ತದೆ, ರಸ್ತೆ ಚೆನ್ನಾಗಿದೆ, ಪೆಟ್ರೋಲ್ ಎಲ್ಲ ಕಡೆ ಸಿಗುತ್ತದೆ. ಚಿಯಾಂಗ್ ಮೈಯಲ್ಲಿ ಗಾಡಿ ತಗೊಂಡು ಪಾಯ್, ಮೇ ಹಾಂಗ್ ಸಾನ್, ಮೇ ಸರಿಯಾಂಗ್ ಮೂಲಕ ವಾಪಸ್ ಚಿಯಾಂಗ್ ಮೈಗೆ. ಒಟ್ಟು ಸುಮಾರು 600 ಕಿ.ಮೀ. ಇದರಲ್ಲಿ 1,864 ತಿರುವು ಇವೆ ಅಂತ ಅಲ್ಲಿನವರು ಲೆಕ್ಕ ಹೇಳುತ್ತಾರೆ. ಚಿಯಾಂಗ್ ಮೈಯಿಂದ ಪಾಯ್‌ವರೆಗಿನ 1095ನೇ ರಸ್ತೆಯಲ್ಲೇ 762 ಅಂತೆ.

600 ಕಿ.ಮೀ. ಅಂದ ತಕ್ಷಣ ನಮ್ಮವರು ಎರಡು ದಿನ ಅನ್ನುತ್ತಾರೆ. ಐದು ದಿನ ಇಡಿ. ದಿನಕ್ಕೆ 120, 150 ಕಿ.ಮೀ. ಸಾಕು. ತಿರುವು ರಸ್ತೆಯಲ್ಲಿ ಗಂಟೆಗೆ ನಲವತ್ತೈದರ ಸರಾಸರಿ ಬಂದರೆ ಜಾಸ್ತಿ, ಮಧ್ಯಾಹ್ನದ ಹೊತ್ತಿಗೆ ತಲೆ ದಣಿದಿರುತ್ತದೆ. ಮಧ್ಯಾಹ್ನ ಎರಡಕ್ಕೆ ಊರು ಸೇರಿ, ಸಂಜೆ ಸಂತೆ ಬೀದಿ ಸುತ್ತಿ. ಹೋಗೋಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಫೆಬ್ರವರಿ ದಾಟಿದರೆ ಬೆಟ್ಟ, ಗದ್ದೆಗೆ ಬೆಂಕಿ ಹಾಕೋ ಹೊಗೆ ತುಂಬಿ ಕಣ್ಣುರಿ. ನವೆಂಬರ್‌ನಲ್ಲಿ ಹೋದರೆ ಖುನ್ ಯುವಾಮ್ ಹತ್ತಿರ ಇಡೀ ಬೆಟ್ಟ ಹಳದಿ ಹೂವಿಂದ ತುಂಬಿರುತ್ತದೆ. ಕಾಡು ಸೂರ್ಯಕಾಂತಿ. ನಮ್ಮ ಕಡೆ ಹೊಲದಲ್ಲಿ ಸಾಲಾಗಿ ನೋಡಿದಂಥ ಹೂವು ಅಲ್ಲಿ ಇಳಿಜಾರಿನ ತುಂಬಾ ಚೆಲ್ಲಿರೋದು ನೋಡಿದಾಗ ಗಾಡಿ ತಾನಾಗೇ ನಿಲ್ಲುತ್ತದೆ.

ಗಾಡಿ ಯಾವುದು? ಅಲ್ಲಿ ಹೋಂಡಾ ಸಿಆರ್‌ಎಫ್ 300, ಸಿಬಿ 500 ಎಕ್ಸ್ ಸಿಗುತ್ತವೆ. 300 ಸಾಕು. ಆ ತಿರುವುಗಳಲ್ಲಿ ಅದಕ್ಕಿಂತ ಜಾಸ್ತಿ ಶಕ್ತಿ ಉಪಯೋಗಿಸೋಕೆ ಜಾಗವೇ ಇಲ್ಲ.

ಎರಡನೆಯದು ನೇಪಾಳ, ಪೋಖರಾದಿಂದ ಮುಕ್ತಿನಾಥ. ನಮಗೆ ವೀಸಾ ಬೇಡ, ಎಡಗಡೆ ಸಂಚಾರ. ಸ್ವಂತ ಗಾಡಿ ತಗೊಂಡು ಹೋಗಬೇಕು ಅಂದ್ರೂ ಸಾಧ್ಯ: ಗಡಿಯಲ್ಲಿ ಭನ್ಸಾರ್ ಅಂತ ಕಸ್ಟಮ್ಸ್ ಚೀಟಿ ಮಾಡಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನಕ್ಕೆ ಹಣ ಕಟ್ಟಬೇಕು, ಒರಿಜಿನಲ್ ಆರ್‌ಸಿ ಕೈಯಲ್ಲಿರಬೇಕು. ಆದರೆ ದಾವಣಗೆರೆಯಿಂದ ಸುನೌಲಿ ಗಡಿಗೆ ಹೋಗೋಕೇ ಸುಮಾರು 2,000 ಕಿ.ಮೀ. ರಜೆಯೆಲ್ಲ ಹೈವೇಯಲ್ಲೇ ಮುಗಿಯುತ್ತದೆ. ಪೋಖರಾದಲ್ಲೇ ಗಾಡಿ ತಗೊಳ್ಳಿ.

ಪೋಖರಾದಿಂದ ಬೇನಿ, ತಾತೋಪಾನಿ, ಮಾರ್ಫಾ, ಜೋಮ್‌ಸೋಮ್, ಕಾಗಬೇನಿ, ಆಮೇಲೆ ಮುಕ್ತಿನಾಥ. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇರೋ ಸಾಲಿಗ್ರಾಮ ಹುಟ್ಟೋದು ಇದೇ ಕಾಳಿ ಗಂಡಕಿ ನದಿಯಲ್ಲಿ, ಆ ನದಿಯ ಪಾತ್ರದ ಪಕ್ಕದಲ್ಲೇ ನೀವು ಗಾಡಿ ಓಡಿಸುತ್ತಿರುತ್ತೀರಿ. ಜೋಮ್‌ಸೋಮ್ ಸುತ್ತಮುತ್ತ ಮಧ್ಯಾಹ್ನ ಹತ್ತಿರ ಆಗುತ್ತಿದ್ದ ಹಾಗೆ ಗಾಳಿ ಏಳುತ್ತದೆ, ಗಾಡಿಯನ್ನೇ ಪಕ್ಕಕ್ಕೆ ತಳ್ಳುವಷ್ಟು ಜೋರು, ಮರಳು ಹೆಲ್ಮೆಟ್ ಒಳಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಊರು ಸೇರಿಬಿಡಿ.

ಮುಕ್ತಿನಾಥ ಸುಮಾರು 3,750 ಮೀಟರ್ ಎತ್ತರ. ನಾವು 600 ಮೀಟರ್ ಎತ್ತರದಲ್ಲಿ ಇರೋರು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಮೇಲೆ ಮಲಗಬೇಡಿ. ಜೋಮ್‌ಸೋಮ್ 2,700 ಮೀಟರ್, ಅಲ್ಲೇ ಎರಡು ರಾತ್ರಿ ಕಳೆದು, ಮುಕ್ತಿನಾಥಕ್ಕೆ ಬೆಳಿಗ್ಗೆ ಹೋಗಿ ದರ್ಶನ ಮಾಡಿ ಇಳಿದು ಬಂದರೆ ಒಳ್ಳೆಯದು. ತಲೆನೋವು, ವಾಂತಿ ಶುರುವಾದರೆ ಮಾತ್ರೆ ನುಂಗಿ ಮುಂದೆ ಹೋಗೋದಲ್ಲ, ತಕ್ಷಣ ಕೆಳಗೆ ಇಳಿಯಬೇಕು. ಗಾಡಿಗೂ ಉಸಿರು ಕಡಿಮೆ. ಪ್ರತಿ ಸಾವಿರ ಮೀಟರಿಗೆ ಶಕ್ತಿ ಹತ್ತಿರ ಹತ್ತು ಪರ್ಸೆಂಟ್ ಇಳಿಯುತ್ತದೆ.

ಇವೆರಡು ಮುಗಿಸಿದ ಮೇಲೆ ಬಲಗಡೆ ಓಡಿಸೋ ದೇಶಗಳ ಕಡೆ ನೋಡಿ. ಇಟಲಿಯ ಸ್ಟೆಲ್ವಿಯೋ ಪಾಸ್ (ಬೆಟ್ಟ ದಾಟೋ ದಾರಿ) 2,757 ಮೀಟರ್, ಒಂದು ಬದಿಯಲ್ಲಿ 48 ಹೇರ್‌ಪಿನ್, ಪ್ರತಿ ತಿರುವಿಗೂ ನಂಬರ್ ಹಾಕಿದ್ದಾರೆ. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಸ್ವರ್ಗ, ಹನ್ನೊಂದಕ್ಕೆ ಹತ್ತಿದರೆ ಬಸ್ಸು, ಸೈಕಲ್‌ಗಳ ಹಿಂದೆ ತೆವಳಬೇಕು. ರುಮೇನಿಯಾದ ಟ್ರಾನ್ಸ್‌ಫಗರಾಶಾನ್ ರಸ್ತೆ 2,042 ಮೀಟರಿಗೆ ಏರುತ್ತದೆ, ವರ್ಷದ ಹೆಚ್ಚು ತಿಂಗಳು ಹಿಮದಿಂದ ಮುಚ್ಚಿರುತ್ತದೆ, ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋದರೆ ನೆಮ್ಮದಿ. ತಜಿಕಿಸ್ತಾನದ ಪಾಮಿರ್ ಹೈವೇಯಲ್ಲಿ ಅಕ್-ಬೈತಾಲ್ ಪಾಸ್ 4,655 ಮೀಟರ್. ಅದಕ್ಕೆ ಲಡಾಖ್ ಒಂದು ಸಲ ಮಾಡಿದ ಅನುಭವ ಇದ್ದರೆ ಮಾತ್ರ ಹೋಗಿ.

ಬಲಗಡೆ ಓಡಿಸುವಾಗ ತಪ್ಪು ಆಗೋದು ಟ್ರಾಫಿಕ್ ಇರುವಲ್ಲಿ ಅಲ್ಲ. ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಟೆಲಿಂದ ಹೊರಗೆ ಬಂದ ಮೊದಲ ಹತ್ತು ಸೆಕೆಂಡಿನಲ್ಲಿ, ಪೆಟ್ರೋಲ್ ಬಂಕಿಂದ ಹೊರಟಾಗ, ಫೋಟೋ ತೆಗೆದು ಮತ್ತೆ ಗಾಡಿ ಹತ್ತಿದಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ. ಟ್ಯಾಂಕ್ ಮೇಲೆ ಬಣ್ಣದ ಟೇಪಿನಲ್ಲಿ ಬಲಕ್ಕೆ ಒಂದು ಬಾಣ ಅಂಟಿಸಿ. ಪ್ರತಿ ಸಲ ಹೊರಡುವಾಗ ಜೋರಾಗಿ "ಬಲ" ಅಂತ ಹೇಳಿಕೊಳ್ಳಿ.

ಬಾಡಿಗೆ ಅಂಗಡಿಯಲ್ಲಿ

ಪಾಸ್‌ಪೋರ್ಟ್ ಅಡ ಇಡಬೇಡಿ. ನಗದು ಡಿಪಾಸಿಟ್ ಕೊಡುತ್ತೇನೆ ಅನ್ನಿ, ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಗಾಡಿ ಹೊರಗೆ ತೆಗೆಯೋ ಮುಂಚೆ ಸುತ್ತ ವಿಡಿಯೋ ಮಾಡಿ, ಲಿವರ್ ತುದಿ, ಸೈಲೆನ್ಸರ್ ಕೆಳಭಾಗ, ರಿಮ್ ಎಲ್ಲ ಹತ್ತಿರದಿಂದ. ಒಮ್ಮೆ ಒಂದು ಅಂಗಡಿಯಲ್ಲಿ ಹಳೇ ಗೀರಿಗೆ ನನ್ನಿಂದ ದುಡ್ಡು ಕಿತ್ತರು. ನನ್ನ ಹತ್ತಿರ ವಿಡಿಯೋ ಇರಲಿಲ್ಲ, ಕೊಟ್ಟು ಬಂದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂತಿದ್ದರೆ 2022ರ 23ನೇ ವಾರ ತಯಾರಾಗಿದ್ದು. ಐದು ವರ್ಷ ದಾಟಿದ್ದರೆ ಬೇರೆ ಗಾಡಿ ಕೇಳಿ. ಸ್ಪೋಕ್‌ಗಳಿಗೆ ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟಿ. ಗಟ್ಟಿ ಇದ್ದರೆ ಟಿಣ್ ಅನ್ನುತ್ತದೆ, ಸಡಿಲ ಇದ್ದರೆ ಸದ್ದು ಸತ್ತಿರುತ್ತದೆ. ಬ್ರೇಕ್ ಪ್ಯಾಡ್ ಬಗ್ಗಿ ನೋಡಿ. ಚೈನ್ ಎಣ್ಣೆ ಇಲ್ಲದೆ ಒಣಗಿದ್ದರೆ ಆ ಗಾಡಿಗೆ ಸರ್ವಿಸ್ ಆಗಿಲ್ಲ ಅಂತಲೇ ಅರ್ಥ. ಹತ್ತು ನಿಮಿಷ ಓಡಿಸಿ ಬಂದ ಮೇಲೆಯೇ ಹಣ ಕೊಡಿ.

ಮುಸ್ತಾಂಗ್ ಆದ ಮೇಲೆ ನನ್ನ ಸಾಮಾನು ಒಂದೇ ಬಟ್ಟೆ ಬ್ಯಾಗಿನಲ್ಲಿ ಮುಗಿಯುತ್ತದೆ, ಎಂಟು ಕೆಜಿ. ಎರಡು ಜೊತೆ ಬಟ್ಟೆ, ಮಳೆ ಕೋಟು, ಪಂಕ್ಚರ್ ಕಿಟ್, ಔಷಧಿ, ಕಾಗದ ಪತ್ರ, ಒಂದು ಡಬ್ಬಿ ಚಟ್ನಿಪುಡಿ. ಹೆಲ್ಮೆಟ್, ಗ್ಲೌಸ್, ಜಾಕೆಟ್ ಮತ್ತು ಪಾದದ ಗಂಟು ಮುಚ್ಚೋ ಬೂಟು ನಮ್ಮವೇ ಇರಬೇಕು, ಬಾಡಿಗೆ ಹೆಲ್ಮೆಟ್ ನಂಬಬೇಡಿ. ಗಾಡಿ ಮೇಲೆ ಉಳಿಸಿದ ಸಾಲದ ದುಡ್ಡಲ್ಲಿ ಸ್ವಲ್ಪ ಬೂಟಿಗೆ ಹಾಕಿ. ಗಾಡಿ ಬಿದ್ದಾಗ ಅದರ ಕೆಳಗೆ ಮೊದಲು ಸಿಕ್ಕೋದು ಪಾದವೇ.

ಲೆಕ್ಕ ಹಾಕಿ: ನವೆಂಬರ್‌ನಲ್ಲಿ ಚಿಯಾಂಗ್ ಮೈ ಅಂದ್ರೆ ಹೊಲ ಖಾಲಿ ಇರೋ ಮಾರ್ಚ್, ಏಪ್ರಿಲ್‌ನಲ್ಲಿ ಎಂಟರ ಸುತ್ತು, ಮುಂಗಾರು ಬಿದ್ದ ಮೇಲೆ ಎರೆ ಮಣ್ಣು, ಆಗಸ್ಟ್‌ನಲ್ಲಿ ಇನ್ಶೂರೆನ್ಸ್ ಓದೋದು, ಸೆಪ್ಟೆಂಬರ್‌ನಲ್ಲಿ ಆರ್‌ಟಿಒ, ಮಳೆ ಕಡಿಮೆಯಾದ ಅಕ್ಟೋಬರ್‌ನಲ್ಲಿ ಆಗುಂಬೆ. ಹರಿಹರದ ಹುಡುಗ ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ಕೊಂಡಜ್ಜಿ ಹತ್ತಿರದ ಹೊಲಕ್ಕೆ ಬಂದಿದ್ದ, ಅವರಪ್ಪನ ಹಳೇ ಸ್ಪ್ಲೆಂಡರ್‌ನಲ್ಲಿ. ಚಪ್ಪಲಿ ಸುತ್ತ ಮೂರು ಸಲ ಕಾಲು ಊರಿದ, ನಾಲ್ಕನೇ ಸಲ ಊರಲಿಲ್ಲ.